ಮತ್ತೆ ಜಿಆರ್‌ಇ ಬರೆಯಲು ಧೈರ್ಯ ಸಾಲುತ್ತಿಲ್ಲ

ಪ್ರಶ್ನೆ: ಡಿಗ್ರಿಯಲ್ಲಿ ಎರಡು ಪೇಪರ್ ಫೇಲಾಗಿ, ಮತ್ತೆ ಬರೆದು ಪಾಸಾದೆ. ಹೋದ ವರ್ಷ ವಿದೇಶದಲ್ಲಿ ಎಂ.ಎಸ್. ಓದಲು ಬರೆಯುವ ಜಿಆರ್‌ಇ ಪರೀಕ್ಷೆ ಬರೆದಾಗ ಕ್ವಾಂಟ್‌ನಲ್ಲಿ (ಗಣಿತ) 151, ವರ್ಬಲ್‌ನಲ್ಲಿ (ಇಂಗ್ಲಿಷ್) 145 ಬಂತು. ಈಗ ಕೆಲಸದಲ್ಲಿದ್ದೇನೆ, ಆದರೆ ಎಂ.ಎಸ್. ಮಾಡುವ ಆಸೆ ಹೋಗಿಲ್ಲ. ಓದಲು ಕೂತರೆ ಹಳೆಯ ಅಂಕಗಳೇ ನೆನಪಾಗುತ್ತವೆ. ಮತ್ತೆ ಬರೆಯುತ್ತೇನೆ ಎಂದು ಮನೆಯಲ್ಲಿ ಹೇಳಲೂ ಧೈರ್ಯವಿಲ್ಲ. ನನಗೆ ಪರೀಕ್ಷೆಗಳೇ ಆಗಿಬರುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಅಂಕಗಳಿವೆ. ಅವು ಅಷ್ಟು ಕಡಿಮೆ ಯಾಕೆ ಬಂದವು ಅನ್ನುವುದು ಮಾತ್ರ ಎಲ್ಲೂ ಇಲ್ಲ. ನನಗೆ ಕಳವಳವಾಗಿದ್ದು ಅದಕ್ಕೇ. ‘ನನಗೆ ಪರೀಕ್ಷೆ ಆಗಿಬರುವುದಿಲ್ಲ’ ಎಂದುಕೊಂಡುಬಿಟ್ಟರೆ ಕಾರಣ ಹುಡುಕುವ ಕೆಲಸವೇ ನಿಂತುಹೋಗುತ್ತದೆ.

ಡಿಗ್ರಿಯ ಪೇಪರೇ ಬೇರೆ, ಇದೇ ಬೇರೆ. ಜಿಆರ್‌ಇ ಕ್ವಾಂಟ್‌ನಲ್ಲಿ ಕೇಳುವುದು ಹೈಸ್ಕೂಲ್ ಮಟ್ಟದ ಗಣಿತ. ಕ್ಯಾಲ್ಕುಲಸ್ ಇಲ್ಲ, ತ್ರಿಕೋನಮಿತಿಯೂ ಇಲ್ಲ. ಹಾಗಾಗಿ 151 ಬಂದಿದ್ದು ನಿಮಗೆ ಗಣಿತ ಬರದ್ದರಿಂದಲೂ ಇರಬಹುದು, ಟೈಮ್ ಸಾಲದ್ದರಿಂದಲೂ ಇರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ, ಅಲ್ವಾ?

ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಎಂಬ ಎರಡು ಪೂರ್ತಿ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಒಂದನ್ನು ಈ ವಾರವೇ ಬರೆಯಿರಿ. ಫೋನ್ ದೂರವಿಟ್ಟು, 1 ಗಂಟೆ 58 ನಿಮಿಷ ಒಂದೇ ಸಲ ಕೂತು ಬರೆಯಿರಿ. ಇನ್ನೊಂದನ್ನು ಕೊನೆಗೆ ಉಳಿಸಿಕೊಳ್ಳಿ. ಬಂದ ಸ್ಕೋರ್ ಯಾರಿಗೂ ತೋರಿಸಬೇಕಿಲ್ಲ. ಆಮೇಲೆ ತಪ್ಪಾದ ಒಂದೊಂದು ಪ್ರಶ್ನೆಯ ಪಕ್ಕದಲ್ಲೂ ಕಾರಣ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲವೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಅವಸರದಲ್ಲಿ ತಪ್ಪಿತೋ. ಊಹೆ ಮಾಡಿ ಸರಿಯಾಗಿದ್ದಕ್ಕೂ ಗುರುತು ಹಾಕಿ. ಇದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಹೊಸ ಪುಸ್ತಕ ಕೊಳ್ಳುವುದಕ್ಕಿಂತ ಇದರಿಂದಲೇ ಜಾಸ್ತಿ ಉಪಯೋಗ. ಮುಂದೆ ಏನು ಓದಬೇಕು ಅನ್ನುವುದು ಆ ಹಾಳೆಯಲ್ಲೇ ಸಿಗುತ್ತದೆ.

ಕ್ವಾಂಟ್‌ನ ಮೊದಲ ಭಾಗದಲ್ಲಿ 12 ಪ್ರಶ್ನೆ, 21 ನಿಮಿಷ. ಅದನ್ನು ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯ ಭಾಗ ಎಷ್ಟು ಕಷ್ಟ ಅನ್ನುವುದು ನಿರ್ಧಾರವಾಗುತ್ತದೆ. ಒಂದು ಕಷ್ಟದ ಲೆಕ್ಕಕ್ಕೆ ಹಟ ಹಿಡಿದು ಕೂತರೆ ಸುಲಭದ ಮೂರು ಕೈತಪ್ಪಬಹುದು. ಗುರುತು ಹಾಕಿ ಮುಂದೆ ಹೋಗಿ, ಅದೇ ಭಾಗದೊಳಗೆ ವಾಪಸ್ ಬರಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ.

ವರ್ಬಲ್‌ಗೆ ಪದಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಅಲ್ಲಿ ಸುಮಾರು ಅರ್ಧದಷ್ಟು ಪ್ರಶ್ನೆಗಳು ಗದ್ಯಭಾಗ ಓದಿ ಉತ್ತರಿಸುವಂಥವು. ದಿನಾ ಒಂದು ಗಟ್ಟಿಯಾದ ಇಂಗ್ಲಿಷ್ ಲೇಖನ ಓದಿ, ಬರೆದವರ ವಾದ ಏನೆಂದು ಎರಡು ಸಾಲಿನಲ್ಲಿ ಬರೆಯಿರಿ. ಸಿಕ್ಕ ಹೊಸ ಪದವನ್ನು ಅದರ ವಾಕ್ಯದ ಸಮೇತ ಬರೆದಿಡಿ.

ಹಳೆಯ ಸ್ಕೋರ್ ಬಗ್ಗೆ ಅಷ್ಟು ಹೆದರಬೇಡಿ. ಯಾವ ಸಲದ ಅಂಕ ಕಳಿಸಬೇಕು ಅನ್ನುವುದನ್ನು ನೀವೇ ಆರಿಸಬಹುದು. 21 ದಿನ ಬಿಟ್ಟು ಮತ್ತೆ ಬರೆಯಲೂ ಅವಕಾಶವಿದೆ. ಅರ್ಜಿಯ ಕೊನೆಯ ದಿನಕ್ಕೆ ಅಂಟಿಕೊಂಡು ದಿನಾಂಕ ತೆಗೆದುಕೊಳ್ಳಬೇಡಿ, ಇನ್ನೊಮ್ಮೆ ಬರೆಯುವಷ್ಟು ಜಾಗ ಇರಲಿ. ವಿಶ್ವವಿದ್ಯಾಲಯಗಳ ಎಷ್ಟೋ ವಿಭಾಗಗಳು ಈಗ ಜಿಆರ್‌ಇ ಕೇಳುವುದೇ ಇಲ್ಲ, ಮೊದಲು ಅದನ್ನು ನೋಡಿ.

ಡಿಗ್ರಿಯ ಅಂಕಗಳನ್ನು ಜಿಆರ್‌ಇ ಅಳಿಸಲಾರದು, ಅದು ನಿಜ. ಅರ್ಜಿಯ ಪ್ರಬಂಧದಲ್ಲಿ ಆ ಎರಡು ಪೇಪರ್ ಬಗ್ಗೆ ಎರಡೇ ವಾಕ್ಯದಲ್ಲಿ ನೇರವಾಗಿ ಹೇಳಿ. ಆಮೇಲೆ ಕೆಲಸದಲ್ಲಿ ಏನು ಕಲಿತಿರಿ, ಏನು ಮಾಡಿದಿರಿ ಎಂಬುದಕ್ಕೆ ಜಾಗ ಕೊಡಿ.

ಮನೆಯಲ್ಲಿ ಹೇಳಿ. ಬಚ್ಚಿಟ್ಟುಕೊಂಡು ಓದುವುದು ಬಹಳ ಸುಸ್ತು ಮಾಡುತ್ತದೆ. ಸ್ಕೋರ್ ಇಷ್ಟು ತೆಗೆಯುತ್ತೇನೆ ಎಂಬ ಮಾತು ಕೊಡಬೇಡಿ. ‘ಮತ್ತೆ ಬರೆಯುತ್ತಿದ್ದೇನೆ, ಸಂಜೆ ಒಂದೂವರೆ ಗಂಟೆ ನನ್ನನ್ನು ಕರೆಯಬೇಡಿ’ ಅಂದರೆ ಸಾಕು.