ಬ್ಯಾಂಕಾಕ್‌ನಿಂದ ಫೈಟರ್ ಮೀನನ್ನು ಸೂಟ್‌ಕೇಸಿನಲ್ಲಿ ತರಬಹುದಾ?

ನಿಮ್ಮ ಪ್ರಶ್ನೆ ಇದು: ಅಣ್ಣ ಮುಂದಿನ ತಿಂಗಳು ಬ್ಯಾಂಕಾಕ್‌ಗೆ ಟೂರ್ ಹೊರಟಿದ್ದಾರೆ. ವಾಪಸ್ ಬರುವಾಗ ಒಂದು ಜೋಡಿ ಫೈಟರ್ ಮೀನನ್ನು, ಅಂದರೆ ಬೆಟ್ಟಾವನ್ನು, ಕವರಿಗೆ ಹಾಕಿ ಬಟ್ಟೆ ಮಧ್ಯೆ ಇಟ್ಟುಕೊಂಡು ತಂದರೆ ನಡೆಯುತ್ತಾ?

ನಡೆಯಲ್ಲ. ನಾನು ಮೈಸೂರಿನ ಕುವೆಂಪುನಗರದಲ್ಲಿ ಹನ್ನೊಂದು ವರ್ಷದಿಂದ ಬೆಟ್ಟಾ ಸಾಕುತ್ತಿದ್ದೇನೆ. ಈ ಆಸೆ ನನಗೂ ಬಂದಿತ್ತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಪ್ರಯಾಣಿಕರು ಲಗೇಜಿನ ಜೊತೆ ಸಾಕುಪ್ರಾಣಿ ತರಲು ನಮ್ಮಲ್ಲಿ ಇರುವ ಅವಕಾಶ ನಾಯಿ ಮತ್ತು ಬೆಕ್ಕಿಗೆ ಮಾತ್ರ. ಅದೂ ಹೊರದೇಶದಲ್ಲಿ ಎರಡು ವರ್ಷ ಇದ್ದು, ಮನೆ ಬದಲಾಯಿಸಿ ಬರುವವರಿಗೆ. ನಾಲ್ಕು ದಿನದ ಟೂರಿಗೆ ಹೋದವರಿಗೆ ಅದೂ ಇಲ್ಲ. ಮೀನಿಗೆ ಈ ಬಾಗಿಲೇ ಇಲ್ಲ. ಜೀವಂತ ಮೀನು ದೇಶದ ಒಳಗೆ ಬರಬೇಕಾದರೆ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್, ಅಂದರೆ ರೋಗ ಒಳಗೆ ಬರದ ಹಾಗೆ ನೋಡಿಕೊಂಡು ನಮ್ಮ ಸರ್ಕಾರ ಕೊಡುವ ಆಮದು ಅನುಮತಿ ಬೇಕು. ಮೀನು ಅಲ್ಲಿಂದ ಹೊರಡುವ ಮುಂಚೆಯೇ ಅದು ಕೈಯಲ್ಲಿರಬೇಕು. ಥಾಯ್ಲೆಂಡ್ ಸರ್ಕಾರದ ಕಡೆಯಿಂದ ಆರೋಗ್ಯ ಪ್ರಮಾಣಪತ್ರ ಬೇಕು. ಇಲ್ಲಿ ಇಳಿದ ಮೇಲೆ ಕ್ವಾರಂಟೈನ್ ಇದೆ. ಇದರ ಬೇರು 1898ರ ಲೈವ್‌ಸ್ಟಾಕ್ ಇಂಪೋರ್ಟೇಷನ್ ಕಾಯ್ದೆಯಲ್ಲಿದೆ. ಅಷ್ಟು ಹಳೇ ಕಾನೂನು! ಕಾಗದ ಇಲ್ಲದೆ ತಂದರೆ ಕಸ್ಟಮ್ಸ್‌ನವರು ಮೀನು ವಶಪಡಿಸಿಕೊಳ್ಳುತ್ತಾರೆ, ಕೇಸು ಅಣ್ಣನ ಮೇಲೆ. ಬ್ಯಾಂಕಾಕ್ ವಿಮಾನದಲ್ಲಿ ಹಾವು, ಆಮೆ, ಕೋತಿ ಎಲ್ಲ ಬ್ಯಾಗಿನಲ್ಲಿ ಬಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಸುದ್ದಿ ನೀವೂ ಓದಿರುತ್ತೀರಿ. ಹಾಗಾಗಿ ಆ ವಿಮಾನದ ಬ್ಯಾಗುಗಳ ಮೇಲೆ ಅವರಿಗೆ ಕಣ್ಣು ಜಾಸ್ತಿ.

"ಎರಡು ಬೆರಳುದ್ದದ ಮೀನಿಗೆ ಇಷ್ಟೆಲ್ಲ ಯಾಕೆ?" ಅಂತ ನಾನೂ ಗೊಣಗಿದ್ದೆ. ಮಂಡ್ಯದ ಕಡೆ ಕೆರೆ ಹಿಡಿದು ಮೀನು ಸಾಕುವ ನನ್ನ ಸೋದರಮಾವನ ಹತ್ತಿರ ಹೇಳಿಕೊಂಡಾಗ ಅವರು ನಗಲಿಲ್ಲ. ಅವರ ಕೆರೆಯಲ್ಲಿ ಕಾಟ್ಲಾ, ರೋಹು ಜೊತೆ ಸಾಮಾನ್ಯ ಗೆಂಡೆಯೂ ಇದೆ. ನಾವು ಚೆಂದಕ್ಕೆ ಸಾಕುವ ಕೋಯಿ ಮೀನು ಈ ಗೆಂಡೆಯ ಹತ್ತಿರದ ನೆಂಟ. ಕೋಯಿ ಹರ್ಪಿಸ್ ಅನ್ನುವ ವೈರಸ್ ಎರಡನ್ನೂ ಕೊಲ್ಲುತ್ತದೆ. ಮೇಲೆ ಆರೋಗ್ಯವಾಗಿ ಕಾಣುವ ಮೀನೂ ಅದನ್ನು ಹೊತ್ತು ತರಬಹುದು. ನಾವು ತೊಟ್ಟಿಯ ನೀರು ಬದಲಾಯಿಸಿ ಮೋರಿಗೆ ಚೆಲ್ಲುತ್ತೇವೆ, ಅಲ್ವಾ? ಮೋರಿ ನೀರು ಎಲ್ಲಿಗೆ ಹೋಗುತ್ತದೆ? ಬೆಟ್ಟಾಕ್ಕೆ ಈ ವೈರಸ್ ಬರಲ್ಲ, ನಿಜ. ಆದರೆ ಅಲ್ಲಿನ ಅಂಗಡಿಯಲ್ಲಿ ಹತ್ತು ಜಾತಿ ಮೀನಿಗೆ ಒಂದೇ ಬಲೆ ಅದ್ದುತ್ತಾರೆ. ನಿಮ್ಮ ಕವರಿನ ನೀರಿನಲ್ಲಿ ಏನೇನಿದೆ ಅಂತ ಯಾರು ನೋಡಿದ್ದಾರೆ? ಅವತ್ತಿನಿಂದ ನಾನು ಗೊಣಗುವುದು ಬಿಟ್ಟೆ.

ಹಾಗಂತ ಆಸೆ ಬಿಡಬೇಕಿಲ್ಲ. ಥಾಯ್ಲೆಂಡಿನ ಸಾಕಣೆದಾರರು ಬೇರೆ ಬೇರೆ ದೇಶಗಳಲ್ಲಿ ಟ್ರಾನ್ಸ್‌ಶಿಪ್ಪರ್ ಅನ್ನುವವರ ಮೂಲಕ ಮೀನು ಕಳಿಸುತ್ತಾರೆ. ನಮ್ಮ ದೇಶದಲ್ಲೂ ಇದ್ದಾರೆ. ಹಲವರ ಆರ್ಡರ್ ಸೇರಿಸಿ ಒಂದೇ ಪರ್ಮಿಟ್‌ನಲ್ಲಿ ಡಬ್ಬಗಳನ್ನು ತರಿಸಿ, ಕ್ವಾರಂಟೈನ್ ಮುಗಿಸಿ, ಆಮೇಲೆ ನಿಮಗೆ ಕಳಿಸುತ್ತಾರೆ. ಮೀನಿನ ಬೆಲೆಗಿಂತ ಈ ಖರ್ಚೇ ಜಾಸ್ತಿ ಆಗಬಹುದು. ದುಡ್ಡು ಕೊಡುವ ಮುಂಚೆ ಪರ್ಮಿಟ್‌ನ ಪ್ರತಿ ಮತ್ತು ಬಿಲ್ ಕೇಳಿ. "ಅದೆಲ್ಲ ನಾವು ಮ್ಯಾನೇಜ್ ಮಾಡ್ತೀವಿ ಸಾರ್" ಅಂದವರಿಗೆ ಕೈಮುಗಿದು ಬನ್ನಿ.

ಜಾತಿಯನ್ನೂ ನೋಡಿಕೊಳ್ಳಿ. ಸಾಮಾನ್ಯ ಬೆಟ್ಟಾಕ್ಕೆ ಅಳಿವಿನಂಚಿನ ಪ್ರಾಣಿಗಳ ಸೈಟಿಸ್ ಒಪ್ಪಂದದ ಕಾಟ ಇಲ್ಲ. ಆದರೆ ವಾಸ್ತು ಅಂತ ಜನ ಹುಡುಕುವ ಕೆಂಪು, ಬಂಗಾರದ ಬಣ್ಣದ ಏಷ್ಯನ್ ಅರೋವಾನ ಅದರ ಮೊದಲನೇ ಅನುಬಂಧದಲ್ಲಿದೆ. ನೋಂದಾಯಿತ ಫಾರ್ಮಿನಲ್ಲಿ ಹುಟ್ಟಿ, ಮೈಯೊಳಗೆ ಚಿಪ್ ಇರುವ ಮೀನು ಮಾತ್ರ ಕಾಗದದ ಸಮೇತ ಗಡಿ ದಾಟಬಹುದು. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಅಂಥ ಮೀನು ಮನೆಯಲ್ಲಿದ್ದರೂ ಸರ್ಕಾರಕ್ಕೆ ತಿಳಿಸಬೇಕು. ಅಂಗಡಿಗಳಲ್ಲಿ ಕಾಣುವ ಸಿಲ್ವರ್ ಅರೋವಾನ ದಕ್ಷಿಣ ಅಮೆರಿಕದ್ದು, ಅದು ಬೇರೆ.

ಈಗ ನಾನು ಕೆಟ್ಟ ಕಥೆ. ಮೊದಲ ಸಲ ತರಿಸಿದ್ದು ಮೂರು ಗಂಡು. ಬೆಂಗಳೂರಿನಿಂದ ಬಸ್ ಪಾರ್ಸೆಲ್‌ನಲ್ಲಿ ಬಂತು. ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಮಗು ಹೊತ್ತ ಹಾಗೆ ಡಬ್ಬ ಹೊತ್ತು ತಂದೆ. ಮೂರೂ ಜೀವಂತ. ಖುಷಿಯಲ್ಲಿ ಕವರ್ ಬಿಚ್ಚಿ, ಏರ್‌ಪಂಪಿನ ಸಣ್ಣ ಪೈಪಿನಿಂದ ತೊಟ್ಟಿಯ ನೀರನ್ನು ಆ ಕವರಿಗೇ ತೊಟ್ಟು ತೊಟ್ಟಾಗಿ ಒಂದು ಗಂಟೆ ಬಿಟ್ಟೆ. ಮೀನಿಗೆ ಹೊಸ ನೀರು ನಿಧಾನವಾಗಿ ಅಭ್ಯಾಸ ಆಗಲಿ ಅಂತ. ಸಂಜೆಗೆ ಎರಡು ಸತ್ತವು.

ಆಗಿದ್ದು ಇಷ್ಟೇ. ಮುಚ್ಚಿದ ಕವರಿನಲ್ಲಿ ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ನೀರು ಹುಳಿಯಾಗುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ಮೀನಿನ ಹೊಲಸಿನಿಂದ ಬಂದ ಅಮೋನಿಯ ಆ ಹುಳಿ ನೀರಿನಲ್ಲಿ ಅಮೋನಿಯಂ ಆಗಿ ತೆಪ್ಪಗಿರುತ್ತದೆ, ಅಷ್ಟು ವಿಷ ಅಲ್ಲ. ಕವರ್ ಬಿಚ್ಚಿದ ಕೂಡಲೇ ಗ್ಯಾಸ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ಅದೇ ಅಮೋನಿಯ ವಿಷವಾಗುತ್ತದೆ. ನಾನು ಆ ವಿಷದಲ್ಲೇ ಅವುಗಳನ್ನು ಒಂದು ಗಂಟೆ ಕೂರಿಸಿದ್ದೆ. ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ತೊಟ್ಟಿಕ್ಕಿಸುವುದು ಸರಿ. ಗಂಟೆಗಟ್ಟಲೆ ಮುಚ್ಚಿದ ಕವರಿನಲ್ಲಿದ್ದು ಬಂದ ಮೀನಿಗಲ್ಲ. ಕವರನ್ನು ಬಿಚ್ಚದೆ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಡಿ, ಶಾಖ ಸಮ ಆಗಲಿ. ಆಮೇಲೆ ಬಿಚ್ಚಿ, ಮೀನನ್ನು ಮಾತ್ರ ಎತ್ತಿ ಒಳಗೆ ಬಿಡಿ, ಕವರಿನ ನೀರು ಸೇರಿಸಬೇಡಿ. ತೊಟ್ಟಿಯ ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಔಷಧಿ ಮೊದಲೇ ಹಾಕಿರಿ. ಆ ದಿನ ಊಟ ಬೇಡ, ಲೈಟೂ ಬೇಡ.

ಕಳಿಸುವವರು ಪಳಗಿದವರಾದರೆ ಒಂದೆರಡು ದಿನ ಉಪವಾಸ ಹಾಕಿಯೇ ಪ್ಯಾಕ್ ಮಾಡಿರುತ್ತಾರೆ, ನೀರು ಹೊಲಸಾಗದಿರಲಿ ಅಂತ. ಬೆಟ್ಟಾ ನೀರಿನ ಮೇಲೆ ಬಂದು ಗಾಳಿ ಗುಟುಕರಿಸುವ ಮೀನು, ಹಾಗಾಗಿ ಕವರಿನಲ್ಲಿ ನೀರಿಗಿಂತ ಗಾಳಿಯೇ ಜಾಸ್ತಿ ಇರುತ್ತದೆ. ನೋಡಿ ಗಾಬರಿ ಆಗಬೇಡಿ. ಒಂದು ಕವರಿಗೆ ಒಂದೇ ಮೀನು. ಫೈಟರ್ ಅಂತ ಸುಮ್ನೆ ಹೆಸರಿಟ್ಟಿಲ್ಲ.

ಅಲ್ಲಿನ ಮಾರಾಟಗಾರರು ಬೆಟ್ಟಾ ನೀರಿಗೆ ಹಾಕಲು ಒಣಗಿದ ಬಾದಾಮಿ ಎಲೆಯನ್ನೂ ಪ್ಯಾಕೆಟ್ ಮಾಡಿ ಮಾರುತ್ತಾರೆ. ಅದಕ್ಕೆ ಕಾಸು ಕೊಡಬೇಡಿ. ನಮ್ಮ ಬೀದಿಯಲ್ಲೇ ಆ ಮರ ಇದೆ, ಬೆಳಗ್ಗೆ ಕಸದವರು ಬರುವ ಮುಂಚೆ ಎದ್ದರೆ ಸಾಕು.

ಅಣ್ಣ ಹೋಗಿಯೇ ಹೋಗುತ್ತಾರಲ್ಲ, ಚತುಚಕ್ ಮಾರುಕಟ್ಟೆಯ ಮೀನಿನ ಸಾಲಿಗೆ ಒಮ್ಮೆ ಹೋಗಲು ಹೇಳಿ. ನಿಮಗೆ ಇಷ್ಟವಾದ ಬಣ್ಣ, ಬಾಲದ ಫೋಟೋ ತೆಗೆದು ತರಲಿ. ಅದನ್ನೇ ಟ್ರಾನ್ಸ್‌ಶಿಪ್ಪರ್‌ಗೆ ತೋರಿಸಿ ಆರ್ಡರ್ ಕೊಡಿ.