ವಿಆರ್‌ನಲ್ಲಿ ಹಾರರ್ ಗೇಮ್ ಆಡಿದರೆ ನಿಜವಾಗಲೂ ಅಷ್ಟು ಭಯ ಆಗುತ್ತಾ?

ನೀವು ಕೇಳಿದ್ದು ಎರಡು ವಿಷಯ. ಟಿವಿಯಲ್ಲಿ ಹಾರರ್ ಗೇಮ್ ಆಡಿ ರೂಢಿ ಇರುವವರಿಗೂ ವಿಆರ್‌ನಲ್ಲಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಗೇಮ್‌ನ ಒಳಗೇ ಇದ್ದಂತೆ ಆಡುವಾಗ, ಹೆದರಿಕೆ ಆಗುತ್ತಾ? ಮುಂಬೈಯ ಚಿಕ್ಕ ಮನೆಯಲ್ಲಿ ಅದನ್ನು ಆಡೋಕೆ ಆಗುತ್ತಾ? ಎರಡಕ್ಕೂ ಹೌದು. ಆದರೆ ಹೆದರಿಕೆ ನಾನು ಅಂದುಕೊಂಡ ಕಡೆಯಿಂದ ಬರಲಿಲ್ಲ.

ನಾನು ಮೊದಲು ಆಡಿದ್ದು ಮುಲುಂಡ್‌ನಲ್ಲಿ, ಭಾವನ ಮನೆಯ ಹಾಲ್‌ನಲ್ಲಿ. ಹೆಡ್‌ಸೆಟ್ ಪ್ಲೇಸ್ಟೇಷನ್ ವಿಆರ್, ಗೇಮ್ ರೆಸಿಡೆಂಟ್ ಈವಿಲ್ 7. 2017ರ ಜನವರಿಯಲ್ಲಿ ಬಂದ ಈ ಗೇಮನ್ನು ಶುರುವಿನಿಂದ ಕೊನೆಯವರೆಗೂ ಆ ಹೆಡ್‌ಸೆಟ್‌ನಲ್ಲೇ ಆಡಬಹುದು. ಕಾಣೆಯಾದ ಹೆಂಡತಿಯನ್ನು ಹುಡುಕಿಕೊಂಡು ಒಬ್ಬ ಅಮೆರಿಕದ ಲೂಯಿಸಿಯಾನಾದಲ್ಲಿರುವ ಹಾಳು ಮನೆಗೆ ಹೋಗುವ ಕಥೆ. ಟಿವಿಯಲ್ಲಿ ಅದನ್ನು ಮೊದಲೇ ಮುಗಿಸಿದ್ದೆ. ಯಾವ ಬಾಗಿಲ ಹಿಂದೆ ಏನಿದೆ ಅಂತ ಗೊತ್ತಿತ್ತು. ಆದರೂ ಕಾರಿಡಾರ್‌ನ ಮೂಲೆಗೆ ಬಂದಾಗ ನಿಂತುಬಿಟ್ಟೆ. ಟಿವಿಯಲ್ಲಾದರೆ ಹೆಬ್ಬೆರಳಿನಿಂದ ಸ್ಟಿಕ್ ತಿರುಗಿಸಿದರೆ ಆಯಿತು. ಇಲ್ಲಿ ಗೋಡೆಯ ಆಚೆ ಇಣುಕಬೇಕಾದರೆ ನನ್ನ ಕುತ್ತಿಗೆಯನ್ನೇ ಚಾಚಬೇಕು. ಅಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೂ ಕುತ್ತಿಗೆ ಮುಂದಕ್ಕೆ ಹೋಗಲೇ ಇಲ್ಲ.

ನನ್ನ ಮಟ್ಟಿಗೆ ವಿಆರ್ ಹಾರರ್‌ನ ಗುಟ್ಟು ಇದೇ. ಭೂತ ನಮ್ಮ ಕಡೆ ಬರುವಾಗ ಆಗುವ ಭಯ ಒಂದು ಕ್ಷಣದ್ದು. ನಾವೇ ಅದರ ಕಡೆ ಹೋಗಬೇಕು, ಅದೂ ನಮ್ಮದೇ ಕೈ, ಕುತ್ತಿಗೆ, ಮೊಣಕಾಲು ಆಡಿಸಿಕೊಂಡು ಹೋಗಬೇಕು ಅನ್ನುವಾಗ ಆಗುವ ಭಯ ತುಂಬಾ ಹೊತ್ತು ಇರುತ್ತದೆ. ಚಿತ್ರ ಎಷ್ಟು ಚೊಕ್ಕ ಅನ್ನೋದು ಇಲ್ಲಿ ಅಷ್ಟು ಮುಖ್ಯ ಅಲ್ಲ. ಆ ಹಳೆಯ ಹೆಡ್‌ಸೆಟ್‌ನಲ್ಲಿ ಒಂದೊಂದು ಕಣ್ಣಿಗೆ ಸಿಗುತ್ತಿದ್ದದ್ದು 960 × 1080 ಪಿಕ್ಸೆಲ್ ಅಷ್ಟೇ. ಮೆಟಾ ಕಂಪನಿಯ ಹೆಡ್‌ಸೆಟ್ ಕ್ವೆಸ್ಟ್ 3ರಲ್ಲಿ 2064 × 2208 ಇದೆ. ಆದರೆ ಹಳೆಯದರ ಸ್ಕ್ರೀನ್ ಓಎಲ್ಇಡಿ, ಅದರ ಕತ್ತಲೆ ನಿಜವಾದ ಕತ್ತಲೆ. ಕ್ವೆಸ್ಟ್‌ನ ಎಲ್‌ಸಿಡಿಯಲ್ಲಿ ಕಪ್ಪು ಸ್ವಲ್ಪ ಬೂದುಬಣ್ಣಕ್ಕೆ ತಿರುಗುತ್ತದೆ. ಹಾರರ್‌ಗೆ ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ.

ಕೈಗಳೂ ನಮ್ಮವೇ ಆದಾಗ ಏನಾಗುತ್ತದೆ ಅಂತ ತಿಳಿದದ್ದು ಹಾಫ್-ಲೈಫ್: ಅಲಿಕ್ಸ್ ಆಡುವಾಗ. 2020ರ ಮಾರ್ಚ್‌ನಲ್ಲಿ ಬಂದ ಗೇಮ್, ಒಳ್ಳೆ ಪಿಸಿ ಬೇಕು. ಅದು ಪೂರ್ತಿ ಹಾರರ್ ಅಲ್ಲ. ಆದರೆ ಅದರಲ್ಲಿ ಜೆಫ್ ಅಂತ ಒಂದು ಅಧ್ಯಾಯ ಇದೆ, ಹೆಂಡದ ಕಾರ್ಖಾನೆಯೊಳಗೆ. ಅಲ್ಲಿರುವ ರಾಕ್ಷಸನ ಹೆಸರೇ ಜೆಫ್. ಅವನಿಗೆ ಕಣ್ಣು ಕಾಣಿಸಲ್ಲ, ಕಿವಿ ಮಾತ್ರ ಚುರುಕು. ಗುಂಡು ಹೊಡೆದರೆ ಸಾಯುವುದಿಲ್ಲ. ಅವನು ಬಿಡುವ ಹೊಗೆಯಂಥ ಬೀಜಕಣ ಮೂಗಿಗೆ ಹೋದರೆ ನಾವು ಆಡುವ ಪಾತ್ರ ಅಲಿಕ್ಸ್‌ಗೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಅವನಿಗೆ ಕೇಳಿಸುತ್ತದೆ. ಹಾಗಾಗಿ ಒಂದು ಕೈ ಎತ್ತಿ ಬಾಯಿ ಮುಚ್ಚಿಕೊಳ್ಳಬೇಕು. ಬಟನ್ ಇಲ್ಲ, ನಿಜವಾದ ಕೈಯನ್ನೇ ಬಾಯಿಯ ಹತ್ತಿರ ತರಬೇಕು. ಉಳಿದಿದ್ದು ಒಂದೇ ಕೈ. ಅದರಲ್ಲಿ ಕಪಾಟು ತೆರೆದರೆ ಬಾಟಲಿ ಉರುಳಿ ಬೀಳುತ್ತದೆ, ನೆಲಕ್ಕೆ ಬೀಳುವ ಮುಂಚೆ ಹಿಡಿಯಬೇಕು. ನಾನು ಬಾಯಿ ಮುಚ್ಚಿಕೊಂಡು ಉಸಿರನ್ನೂ ಬಿಗಿಹಿಡಿದಿದ್ದೆ. ಉಸಿರು ಬಿಗಿಹಿಡಿಯಿರಿ ಅಂತ ಗೇಮ್ ಎಲ್ಲೂ ಹೇಳುವುದಿಲ್ಲ! ಈ ಅಧ್ಯಾಯ ಬರೆದವರಿಗೆ ಮನುಷ್ಯರ ಮೈ ಹೇಗೆ ಹೆದರುತ್ತದೆ ಅಂತ ಚೆನ್ನಾಗಿ ಗೊತ್ತು. ರಕ್ತ ಚೆಲ್ಲಾಡುವ ಹತ್ತು ದೃಶ್ಯಗಳಿಗಿಂತ ಆ ಒಂದು ಬಾಟಲಿ ದೊಡ್ಡದು.

ಶಬ್ದಕ್ಕೆ ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ತಲೆ ತಿರುಗಿಸಿದಂತೆ ಶಬ್ದದ ದಿಕ್ಕೂ ಬದಲಾಗುತ್ತದೆ. ಕಣ್ಣು ಮುಚ್ಚಿಕೊಂಡರೂ ಬೆನ್ನ ಹಿಂದಿನ ಹೆಜ್ಜೆ ಸಪ್ಪಳ ಹೋಗುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಭಯ ಬೇರೆ, ತಲೆಸುತ್ತು ಬೇರೆ. ಕಣ್ಣು "ನಡೀತಿದ್ದೀವಿ" ಅನ್ನುತ್ತದೆ, ಒಳಕಿವಿ "ಇಲ್ಲ, ನಿಂತಿದ್ದೀವಿ" ಅನ್ನುತ್ತದೆ. ಆ ಜಗಳದಿಂದ ವಾಕರಿಕೆ ಬರುತ್ತದೆ. ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡುತ್ತಾ ಕೂತವರಿಗೆ ಆಗುವುದೂ ಇದೇ, ಅಲ್ಲಿ ಉಲ್ಟಾ ಅಷ್ಟೇ. ಹಾರರ್ ಗೇಮ್‌ನಲ್ಲಿ ಹೆದರಿ ಸರಕ್ಕನೆ ತಿರುಗುತ್ತೇವೆ, ಅದಕ್ಕೇ ಇಲ್ಲಿ ಜಾಸ್ತಿ. ಸೆಟ್ಟಿಂಗ್ಸ್‌ನಲ್ಲಿ ಸ್ನ್ಯಾಪ್ ಟರ್ನ್ (ನೋಟ ನಿಧಾನವಾಗಿ ಸುತ್ತದೆ ಒಂದೇ ಸಲಕ್ಕೆ ತಿರುಗುವುದು) ಆನ್ ಮಾಡಿ, ಗೇಮ್‌ನಲ್ಲಿ ಇದ್ದರೆ ನಡೆಯುವ ಬದಲು ಟೆಲಿಪೋರ್ಟ್ (ಬೇಕಾದ ಜಾಗಕ್ಕೆ ನೇರ ಹಾರುವುದು) ಇಟ್ಟುಕೊಳ್ಳಿ. ಬಾಯಲ್ಲಿ ನೀರೂರಿ ಬೆವರು ಶುರುವಾದರೆ ತಕ್ಷಣ ತೆಗೆದುಬಿಡಿ. "ಇನ್ನೊಂದು ಐದು ನಿಮಿಷ" ಅಂತ ಹಟ ಮಾಡಿದರೆ ಇಡೀ ಸಂಜೆ ಹೋಗುತ್ತದೆ. ಫಿಟ್ಸ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಲೇಬೇಡಿ.

ಇನ್ನು ಮನೆಯ ವಿಷಯ. ಓಡಾಡಿಕೊಂಡು ಆಡಲು ಕ್ವೆಸ್ಟ್‌ಗೆ ಸುಮಾರು 2 ಮೀಟರ್ × 2 ಮೀಟರ್ ಖಾಲಿ ಜಾಗ ಬೇಕು. ನಮ್ಮ ಒನ್ ಬಿಎಚ್‌ಕೆ ಹಾಲ್‌ನಲ್ಲಿ ದಿವಾನ್ ಪಕ್ಕಕ್ಕೆ ತಳ್ಳಿ, ಟೀಪಾಯಿ ಒಳಗಿಟ್ಟರೂ ಅಷ್ಟು ಸಿಗುವುದು ಕಷ್ಟ. ಸಿಗದಿದ್ದರೆ ಕೂತೇ ಆಡಿ, ಹಾರರ್‌ಗೆ ಅದೇನೂ ಕಮ್ಮಿ ಅಲ್ಲ. ಮೇಲಿನ ಫ್ಯಾನ್ ಮರೆಯಬೇಡಿ, ಹೆದರಿದಾಗ ಕೈ ಮೇಲಕ್ಕೇ ಹೋಗುತ್ತದೆ. ಮಳೆಗಾಲದಲ್ಲಿ ಲೆನ್ಸ್ ಮೇಲೆ ಆವಿ ಕೂರುತ್ತದೆ, ಎದುರಿಗೆ ಒಂದು ಟೇಬಲ್ ಫ್ಯಾನ್ ಇಟ್ಟರೆ ವಾಸಿ. ಹಾಗಂತ ಒಣಗಲಿ ಅಂತ ಬಾಲ್ಕನಿಯ ಬಿಸಿಲಲ್ಲಿ ಇಡಬೇಡಿ. ಬಿಸಿಲು ಲೆನ್ಸ್ ಮೂಲಕ ಹಾದು ಒಳಗಿನ ಸ್ಕ್ರೀನ್ ಸುಟ್ಟುಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ನಿಯಮ ಮನೆಯವರಿಗೆ. ಹೆಡ್‌ಸೆಟ್ ಹಾಕಿದವರನ್ನು ಮುಟ್ಟಬಾರದು. ಅಮ್ಮ ಒಮ್ಮೆ "ಊಟಕ್ಕೆ ಬಾರೋ" ಅಂತ ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟರು. ಆ ಕಿರುಚಾಟಕ್ಕೆ ಪಕ್ಕದ ಮನೆಯ ಶೆಟ್ಟರು ಬಾಗಿಲು ಬಡಿದರು. ಪಾಪ, ಅಮ್ಮನೇ ನನಗಿಂತ ಜಾಸ್ತಿ ಹೆದರಿದ್ದರು. ಈಗ ದೂರದಿಂದಲೇ ಹೆಸರು ಹಿಡಿದು ಕರೆಯುತ್ತಾರೆ. ನಾನು ಹೆಡ್‌ಸೆಟ್‌ನ ಪಕ್ಕಕ್ಕೆ ಎರಡು ಸಲ ತಟ್ಟುತ್ತೇನೆ, ಹೊರಗಿನ ಕೋಣೆ ಕಾಣಿಸುತ್ತದೆ. ಭಯ ತಡೆಯಲಾಗದಿದ್ದಾಗಲೂ ಕ್ವೆಸ್ಟ್‌ನಲ್ಲಿ ಇದೇ ಒಳ್ಳೆ ದಾರಿ.

ಎಲ್ಲಿಂದ ಶುರು ಮಾಡೋದು? ಪಿಸಿ ಇದ್ದರೆ ಫ್ಯಾಸ್ಮೋಫೋಬಿಯಾ, ಭೂತ ಇರುವ ಜಾಗಕ್ಕೆ ಹೋಗಿ ಅದು ಯಾವ ಭೂತ ಅಂತ ಪತ್ತೆ ಮಾಡುವ ಗೇಮ್. ನಾಲ್ಕು ಜನ ಸೇರಿ ಆಡಬಹುದು, ಎಲ್ಲರ ಹತ್ತಿರ ವಿಆರ್ ಇರಬೇಕೆಂದಿಲ್ಲ. ಜೊತೆಗಾರರ ದನಿ ಕಿವಿಯಲ್ಲಿದ್ದರೆ ಧೈರ್ಯ ಬರುತ್ತದೆ. ಆದರೆ ಭೂತ ಬೇಟೆಗೆ ಇಳಿದಾಗ ಮೈಕ್‌ನಲ್ಲಿ ಬರುವ ನಿಮ್ಮ ಮಾತು ಅದಕ್ಕೂ ಕೇಳಿಸುತ್ತದೆ, ಆಗ ಸುಮ್ನೆ ಇರಿ. ಅದು ರೂಢಿಯಾದ ಮೇಲೆ ಅಲಿಕ್ಸ್. ರೆಸಿಡೆಂಟ್ ಈವಿಲ್ 7 ಕೊನೆಗೆ, ಅದರಲ್ಲಿ ನೀವು ಒಬ್ಬರೇ.

ಕೊಳ್ಳುವ ಮುಂಚೆ ಮಾತ್ರ ಯಾರದ್ದಾದರೂ ಹಾಕಿ ನೋಡಿ. ಎರಡು ಕಣ್ಣುಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ಲೆನ್ಸ್ ಅದಕ್ಕೆ ಹೊಂದದಿದ್ದರೆ ತಲೆನೋವು ಗ್ಯಾರಂಟಿ. ನೀವು ಠಾಣೆ, ಮುಲುಂಡ್ ಕಡೆಯವರಾದರೆ ಮೆಸೇಜ್ ಮಾಡಿ, ನನ್ನದನ್ನೇ ಹಾಕಿ ನೋಡಬಹುದು.