ನತಾಲಿಯಾ ಗಿಂಜ್‌ಬರ್ಗ್: 40 ಪುಟಕ್ಕೇ ಬಿಡಬೇಡಿ

ಇಟಲಿಯ ಲೇಖಕಿ ನತಾಲಿಯಾ ಗಿಂಜ್‌ಬರ್ಗ್ ತಮ್ಮದೇ ಕುಟುಂಬದ ಕುರಿತು ಬರೆದ ಕಾದಂಬರಿ 'ಫ್ಯಾಮಿಲಿ ಲೆಕ್ಸಿಕಾನ್' 40 ಪುಟ ಓದಿದರೂ ಕಥೆ ಸಿಗುತ್ತಿಲ್ಲ, ಬರೀ ಹೆಸರುಗಳು, ಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಅಲ್ಲಿ ಕಥೆಯನ್ನು ಹುಡುಕಿದರೆ ಸುಸ್ತಾಗುತ್ತದೆ; ಪುಸ್ತಕವನ್ನು ಹಿಡಿದಿಟ್ಟಿರುವುದು ಮನೆಮಂದಿ ಪದೇಪದೇ ಆಡುವ ಮಾತುಗಳು. ಊಟದ ಮೇಜಿನಲ್ಲಿ ಮಕ್ಕಳು ಬ್ರೆಡ್ಡನ್ನು ಸಾರಿನಲ್ಲಿ ಅದ್ದಿದರೆ ಅಪ್ಪ ಗುಡುಗುತ್ತಾನಲ್ಲ, ಆ ಬೈಗುಳಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ಹೆಸರುಗಳಲ್ಲಿ ಸದ್ಯಕ್ಕೆ ಅಪ್ಪ, ಅಮ್ಮ, ಐವರು ಮಕ್ಕಳು ನೆನಪಿದ್ದರೆ ಸಾಕು.

ಮೊದಲು ಅವರದೇ 'ದಿ ಲಿಟಲ್ ವರ್ಚ್ಯೂಸ್' ಸಂಕಲನದಲ್ಲಿರುವ, ಇಟಲಿಯ ಅಬ್ರುಝಿ ಪ್ರದೇಶದ ಚಳಿಗಾಲದ ಕುರಿತ 1944ರ ಪ್ರಬಂಧ ಓದಿ. ಕೆಲವೇ ಪುಟ. ಮುಸೊಲಿನಿ ಸರ್ಕಾರ ಲೇಖಕಿಯ ಗಂಡ ಲಿಯೋನೆಯನ್ನು ಗಡೀಪಾರು ಮಾಡಿದ್ದ ಪಿತ್ಸೋಲಿ ಹಳ್ಳಿಯ ದಿನಗಳು ಅಲ್ಲಿವೆ. ಆತ 1944ರ ಫೆಬ್ರವರಿಯಲ್ಲಿ ರೋಮ್‌ನ ಜೈಲಿನಲ್ಲಿ ತೀರಿಕೊಂಡರು. ಕಾದಂಬರಿಯಲ್ಲಿ ಆ ಸಾವು ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಪ್ರಬಂಧ ಓದಿದ್ದರೆ ಆ ಮೌನ ಎದೆಗೆ ನಾಟುತ್ತದೆ.

ಇನ್ನೊಂದು: 'ಫ್ಯಾಮಿಲಿ ಸೇಯಿಂಗ್ಸ್', 'ದಿ ಥಿಂಗ್ಸ್ ವಿ ಯೂಸ್ಡ್ ಟು ಸೇ' ಬೇರೆ ಪುಸ್ತಕಗಳಲ್ಲ. 1963ರಲ್ಲಿ ಇಟಲಿಯ ಸ್ತ್ರೇಗಾ ಸಾಹಿತ್ಯ ಪ್ರಶಸ್ತಿ ಪಡೆದ ಇದೇ 'ಫ್ಯಾಮಿಲಿ ಲೆಕ್ಸಿಕಾನ್' ಕೃತಿಯ ಹಳೆಯ ಇಂಗ್ಲಿಷ್ ಅನುವಾದಗಳು. ದುಡ್ಡು ಕೊಟ್ಟು ಮತ್ತೆ ಕೊಳ್ಳಬೇಡಿ.